ಬಲ್ಲವರು ಕಲಿಸಿದರು, ಸಂಬಳ ಮಾತ್ರ ಬರಲಿಲ್ಲ: 1979ರ ನಂತರದ ಕಾಂಬೋಡಿಯಾ ಶಾಲೆಗಳ ಒಂದು ಪ್ರಕರಣ ಅಧ್ಯಯನ

ಯುದ್ಧ ಮುಗಿದ ದೇಶದಲ್ಲಿ ಶಾಲೆಯ ಬಾಗಿಲು ತೆಗೆಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಕಾಂಬೋಡಿಯಾದಲ್ಲಿ ಆ ಕೆಲಸ ಒಂಬತ್ತು ತಿಂಗಳೊಳಗೆ ಆಗಿಹೋಯಿತು. ಆಗ ಅವಸರಕ್ಕೆ ಮಾಡಿಕೊಂಡ ಏರ್ಪಾಡುಗಳನ್ನು ಬಿಚ್ಚಿ ಸರಿಮಾಡಲು ಹಿಡಿದದ್ದು ಮೂವತ್ತೈದು ವರ್ಷಕ್ಕೂ ಹೆಚ್ಚು. ಈ ಬರಹದ ಕಣ್ಣು ಹೆಚ್ಚಾಗಿ ಇರುವುದು ಆ ಎರಡನೆಯ ಕೆಲಸದ ಮೇಲೆ. ದೇಶದ ಹೆಸರು, ಇಸವಿ, ಅಂಕಿಗಳನ್ನು ಇದ್ದ ಹಾಗೆಯೇ ಇಟ್ಟಿದ್ದೇವೆ. ಅಧಿಕಾರಿಗಳು, ಮೇಷ್ಟ್ರುಗಳು, ಪಾಠ ನಡೆದ ಶಾಲೆಗಳು ಇವುಗಳ ಹೆಸರು ಬಿಟ್ಟಿದ್ದೇವೆ.

ಹಿನ್ನೆಲೆ

1975ರ ಏಪ್ರಿಲ್ 17ರಂದು ಪೋಲ್ ಪಾಟ್ ನಾಯಕತ್ವದ ಕಮ್ಯುನಿಸ್ಟ್ ಬಂಡುಕೋರರಾದ ಖ್ಮೇರ್ ರೂಜ್ ಪಡೆ ರಾಜಧಾನಿ ನೋಮ್ ಪೆನ್ ಅನ್ನು ಹಿಡಿಯಿತು. ಕೆಲವೇ ದಿನಗಳಲ್ಲಿ ನಗರ ಖಾಲಿಯಾಯಿತು. ಹಣ, ಸಂತೆ, ಅಂಚೆ, ಶಾಲೆ ಎಲ್ಲವೂ ರದ್ದಾದವು. ಜನ ಗದ್ದೆಗೆ ಹೋದರು. ರಾಜಧಾನಿಯ ಒಂದು ಪ್ರೌಢಶಾಲೆ ಎಸ್-21 ಎಂಬ ಸೆರೆಮನೆಯಾಯಿತು. ಇಂದು ಜಗತ್ತು ಅದನ್ನು ತುವೋಲ್ ಸ್ಲೆಂಗ್ ಎಂಬ ಹೆಸರಿನಿಂದ ಬಲ್ಲದು. ತರಗತಿಯ ಕೋಣೆಗಳಲ್ಲೇ ಇಟ್ಟಿಗೆ ಇಟ್ಟು ಕಟ್ಟಿದ ಒಬ್ಬೊಬ್ಬರ ಸೆರೆಗೂಡುಗಳು ಈಗಲೂ ಅಲ್ಲಿವೆ. 1979ರ ಜನವರಿ 7ಕ್ಕೆ ವಿಯೆಟ್ನಾಮಿನ ಸೇನೆ ಒಳಗೆ ಬರುವ ತನಕ ಇದು ನಡೆಯಿತು. ಅಲ್ಲಿನ ಹಿರಿಯರು ಈ ಅವಧಿಯನ್ನು ಎಣಿಸಿ ಹೇಳುತ್ತಾರೆ: ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ.

ಸುಮಾರು 80 ಲಕ್ಷ ಜನಸಂಖ್ಯೆಯಲ್ಲಿ ಸತ್ತವರು 15ರಿಂದ 20 ಲಕ್ಷ. ಶಿಕ್ಷಕರಲ್ಲಿ ನಾಲ್ಕರಲ್ಲಿ ಮೂರು ಪಾಲು ಸತ್ತರು ಇಲ್ಲವೇ ದೇಶ ಬಿಟ್ಟರು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಉಳಿದವರದ್ದೂ ಒಂದು ತೊಡಕಿತ್ತು. ಓದಿದವರು ಎಂದು ಗೊತ್ತಾದರೆ ಜೀವಕ್ಕೆ ಸಂಚಕಾರವಿದ್ದ ಕಾಲದಲ್ಲಿ ಬದುಕಿ ಉಳಿದವರು ತಮ್ಮ ಓದನ್ನು ಮುಚ್ಚಿಟ್ಟೇ ಉಳಿದಿದ್ದರು. ಅಂಕಪಟ್ಟಿ, ನೇಮಕಾತಿ ಆದೇಶ ಯಾರ ಕೈಯಲ್ಲೂ ಇರಲಿಲ್ಲ; ಅವುಗಳ ಮೂಲ ಪ್ರತಿ ಇರಬೇಕಾದ ಕಚೇರಿಯೂ ಇರಲಿಲ್ಲ.

ಇದರ ಜೊತೆಗೆ ಒಂದು ರಾಜಕೀಯ ಗಂಟು. ಹೊಸ ಸರಕಾರ ವಿಯೆಟ್ನಾಮಿನ ಬೆಂಬಲದಿಂದ ನಿಂತದ್ದು. ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಕುರ್ಚಿ ಉರುಳಿಹೋದ ಖ್ಮೇರ್ ರೂಜ್ ಮತ್ತು ಅದರ ಕೂಟದವರ ಬಳಿಯೇ ಉಳಿಯಿತು. ಹಾಗಾಗಿ ಇಡೀ ಎಂಬತ್ತರ ದಶಕದಲ್ಲಿ ಪಶ್ಚಿಮ ದೇಶಗಳಿಂದ ಬಂದದ್ದು ತುರ್ತು ಪರಿಹಾರ ಮಾತ್ರ, ಅಭಿವೃದ್ಧಿ ನೆರವಲ್ಲ. ಯುನಿಸೆಫ್ ಕಾಗದ ಕೊಡಬಹುದಿತ್ತು, ಪೆನ್ಸಿಲ್ ಕೊಡಬಹುದಿತ್ತು. ಶಿಕ್ಷಕರನ್ನು ವರ್ಷಗಟ್ಟಲೆ ತಯಾರು ಮಾಡುವ ಕಾಲೇಜಿಗೆ ದೊಡ್ಡ ಗಂಟಿನ ಹಣ ಬರಲು 1991ರ ಪ್ಯಾರಿಸ್ ಶಾಂತಿ ಒಪ್ಪಂದದ ತನಕ ಕಾಯಬೇಕಾಯಿತು. ಮುಂದೆ ಬರುವ ಹಲವು ತಪ್ಪುಗಳ ಬೇರು ಇಲ್ಲಿದೆ. ಅವೆಲ್ಲವನ್ನೂ ಸ್ಥಳೀಯರ ತಲೆಗೆ ಕಟ್ಟುವುದು ನ್ಯಾಯವಲ್ಲ.

1979: ಮೊದಲ ಏರ್ಪಾಡು

ಸರಕಾರ ಹಿಡಿದದ್ದು ಒಂದು ಘೋಷವಾಕ್ಯ: ಹೆಚ್ಚು ಬಲ್ಲವರು ಕಡಿಮೆ ಬಲ್ಲವರಿಗೆ ಕಲಿಸಲಿ, ಕಡಿಮೆ ಬಲ್ಲವರು ಏನೂ ಅರಿಯದವರಿಗೆ ಕಲಿಸಲಿ. ಗೋಡೆಯ ಮೇಲೆ ಬರೆಯುವ ಮಾತಿನ ಹಾಗೆ ಕಾಣುತ್ತದೆ, ಆದರೆ ಇದೇ ಅವರ ನೇಮಕಾತಿ ನಿಯಮ. ಹಳ್ಳಿಯಲ್ಲಿ ಓದಲು ಬರೆಯಲು ಬರುವವರು ಯಾರು ಎಂದು ವಿಚಾರಿಸಿ, ಅವರನ್ನು ಕೆಲವು ವಾರಗಳಿಂದ ಮೂರು ತಿಂಗಳ ತನಕದ ತರಬೇತಿಗೆ ಕರೆದು, ತರಗತಿಗೆ ಬಿಟ್ಟರು. ಏಳನೆಯ ತರಗತಿ ಓದಿದವರೂ, ಅದಕ್ಕಿಂತ ಕಡಿಮೆ ಓದಿದವರೂ ಮೇಷ್ಟ್ರಾದರು.

ಸೆಪ್ಟೆಂಬರ್ ತಿಂಗಳಲ್ಲಿ ಶಾಲೆಗಳು ಅಧಿಕೃತವಾಗಿ ತೆರೆದವು. ಮೊದಲ ವರ್ಷವೇ ದಾಖಲಾದ ಮಕ್ಕಳು 9 ಲಕ್ಷಕ್ಕೂ ಹೆಚ್ಚು. ಹಲವೆಡೆ ಗೋಡೆಯಿಲ್ಲ, ತಾಳೆಗರಿಯ ಮಾಡು. ಇದ್ದಿಲಿನಿಂದ ಕಪ್ಪು ಮಾಡಿದ ಹಲಗೆಯೇ ಕರಿಹಲಗೆ. ಒಂದನೆಯ ತರಗತಿಯಲ್ಲಿ ಆರು ವರ್ಷದ ಮಗುವಿನ ಪಕ್ಕ ಹನ್ನೆರಡು ವರ್ಷದ ಹುಡುಗ ಕೂತಿದ್ದ, ಏಕೆಂದರೆ ಇಬ್ಬರೂ ಅಕ್ಷರ ಕಂಡದ್ದು ಅದೇ ಮೊದಲು.

ಆಗ ತೆಗೆದುಕೊಂಡ ಇನ್ನೂ ಮೂರು ನಿರ್ಧಾರಗಳು ಮುಂದೆ ದೂರ ಬಂದವು.

ಮೊದಲನೆಯದು ವರ್ಷಗಳ ಎಣಿಕೆ. ಪ್ರಾಥಮಿಕ ನಾಲ್ಕು, ಮಾಧ್ಯಮಿಕ ಮೂರು, ಮೇಲಿನದು ಮೂರು; ಒಟ್ಟು ಹತ್ತು ವರ್ಷ. ಇದರ ಹಿಂದಿನ ಲೆಕ್ಕ ಸರಳ. ಎರಡು ಪಾಳಿಯ ಶಾಲೆಯಲ್ಲಿ ಒಂದು ಕೋಣೆ ದಿನಕ್ಕೆ ಎರಡು ತರಗತಿಗೆ ಆಗುತ್ತದೆ. ನಾಲ್ಕು ತರಗತಿಗೆ ಎರಡು ಕೋಣೆ ಸಾಕು; ಆರು ತರಗತಿಗೆ ಮೂರು ಬೇಕು. ಕೋಣೆಯೂ ಇಲ್ಲ ಮೇಷ್ಟ್ರೂ ಇಲ್ಲ ಎನ್ನುವಾಗ ನಾಲ್ಕು ವರ್ಷ ಎಂದದ್ದು ತಪ್ಪಲ್ಲ. ಆದರೆ ಇದು 1986ರಲ್ಲಿ 5+3+3 ಆಯಿತು, 1996ರಲ್ಲಿ 6+3+3 ಆಯಿತು. ಪ್ರತಿ ಸಲವೂ ದೇಶದ ಪ್ರತಿ ಪ್ರಾಥಮಿಕ ಶಾಲೆಗೆ ಒಂದು ತರಗತಿ ಸೇರಿತು: ಒಂದು ಹೊಸ ಪಠ್ಯಪುಸ್ತಕದ ಸೆಟ್ಟು, ಒಬ್ಬ ಹೊಸ ಮೇಷ್ಟ್ರು, ಅರ್ಧ ಕೋಣೆ. ಅರ್ಧ ಕೋಣೆ ಕಟ್ಟಲಾಗುವುದಿಲ್ಲ; ಮೇಷ್ಟ್ರುಗಳೂ ಸಾಲದೆ, ಇದ್ದವರೇ ಎರಡೂ ಪಾಳಿ ಹಿಡಿದರು. ಒಂದೇ ದಿನ ಬೆಳಗಿನ ಏಳರಿಂದ ಹನ್ನೊಂದು, ಮಧ್ಯಾಹ್ನದ ಒಂದರಿಂದ ಐದು.

ಎರಡನೆಯದು ಪಠ್ಯಪುಸ್ತಕ. ಹಳೆಯವು ಇರಲಿಲ್ಲ, ಇದ್ದರೂ ಹೊಸ ರಾಜಕೀಯಕ್ಕೆ ಒಗ್ಗುತ್ತಿರಲಿಲ್ಲ. ಬದುಕಿ ಉಳಿದ ಕೈಬೆರಳೆಣಿಕೆಯ ಜನ ಕೂತು ಕೆಲವೇ ತಿಂಗಳಲ್ಲಿ ಬರೆದರು. ಖ್ಮೇರ್ ಭಾಷೆಯಲ್ಲೇ ಬರೆದರು ಎಂಬುದು ಇಡೀ ಪ್ರಕರಣದ ಅತಿ ಒಳ್ಳೆಯ ನಿರ್ಧಾರ. ಮಗು ಮನೆಯಲ್ಲಿ ಆಡುವ ಮಾತಿನಲ್ಲೇ ಶಾಲೆ ನಡೆಯಿತು. ಮೇಲಿನ ಓದಿನಲ್ಲಿ ಹಾಗಾಗಲಿಲ್ಲ: ಎಂಬತ್ತರ ದಶಕದಲ್ಲಿ ರಷ್ಯನ್ ಮತ್ತು ವಿಯೆಟ್ನಾಮಿ, ತೊಂಬತ್ತರಲ್ಲಿ ಸಹಾಯ ಕೊಟ್ಟವರ ಫ್ರೆಂಚ್. ನೋಮ್ ಪೆನ್‌ನ ತಾಂತ್ರಿಕ ವಿದ್ಯಾರ್ಥಿಗಳು ಫ್ರೆಂಚ್ ಬೇಡ, ಇಂಗ್ಲಿಷ್ ಕೊಡಿ ಎಂದು ಬೀದಿಗಿಳಿದರು.

ಮೂರನೆಯದು ಸಂಬಳ. ರಿಯೆಲ್ ನಾಣ್ಯ ಮತ್ತೆ ಚಲಾವಣೆಗೆ ಬಂದದ್ದು 1980ರ ಮಾರ್ಚ್‌ನಲ್ಲಿ. ಅಲ್ಲಿಯ ತನಕ ಮೇಷ್ಟ್ರುಗಳಿಗೆ ಸಿಕ್ಕದ್ದು ಅಕ್ಕಿ. ಹಸಿದ ದೇಶದಲ್ಲಿ ಅದು ಸಣ್ಣ ಸಂಬಳವೇನಲ್ಲ, ಕೈತುಂಬ ಅನ್ನದ ನೌಕರಿ. ಅಕ್ಕಿಯಿಂದ ನೋಟಿಗೆ ಬಂದ ಮೇಲೆಯೇ ತೊಂದರೆ ಶುರುವಾದದ್ದು.

ಎಲ್ಲಿ ಹಳಿ ತಪ್ಪಿತು

1979ರ ನಿರ್ಧಾರಗಳನ್ನು ಒಂದೊಂದಾಗಿ ತೂಗಿದರೆ ಹೆಚ್ಚಿನವು ಸರಿಯಾಗಿಯೇ ನಿಲ್ಲುತ್ತವೆ. ಬೇರೆ ದಾರಿ ಇರಲಿಲ್ಲ. ಆದರೆ ಮೂರು ತಿಂಗಳ ತರಬೇತಿ ಪಡೆದವರಿಗೆ ಉಳಿದ ತರಬೇತಿ ಯಾವಾಗ, ಯಾರು ಕೊಡುತ್ತಾರೆ, ಆ ದಿನಗಳ ಸಂಬಳ ಯಾರ ಲೆಕ್ಕಕ್ಕೆ ಎಂಬುದಕ್ಕೆ ಹಣ ಜೋಡಿಸಿದ ಏರ್ಪಾಡು ಇರಲಿಲ್ಲ. ಅತಿಥಿ ಶಿಕ್ಷಕ ಎಂಬ ಪದ ಗೊತ್ತಿರುವ ಕನ್ನಡ ಓದುಗರಿಗೆ ಇದರ ಮುಂದಿನ ಕಥೆ ಬಿಡಿಸಿ ಹೇಳಬೇಕಿಲ್ಲ.

ತರಬೇತಿಯ ಅವಧಿ ನಿಧಾನವಾಗಿ ಬೆಳೆಯಿತು. ಅದನ್ನು ಅಲ್ಲಿ ಕೂಡುವ ಲೆಕ್ಕದ ಹಾಗೆ ಹೇಳುತ್ತಾರೆ: ಏಳನೆಯ ತರಗತಿ ಓದಿ ಒಂದು ವರ್ಷ ತರಬೇತಿ ಎಂದರೆ 7+1. ಇದು ಏರುತ್ತ ಏರುತ್ತ ತೊಂಬತ್ತರ ದಶಕದ ಕೊನೆಗೆ 12+2 ಮುಟ್ಟಿತು. ದೂರದ ಗುಡ್ಡಗಾಡಿಗೆ ಅಷ್ಟು ಓದಿದವರು ಸಿಗದೆ 9+2 ಇಟ್ಟುಕೊಂಡರು. ಪ್ರತಿ ಮೆಟ್ಟಿಲಿನಲ್ಲೂ ಹೊಸದಾಗಿ ಬರುವವರ ಅರ್ಹತೆ ಏರಿತು. ಆಗಲೇ ಒಳಗಿದ್ದವರು ಹಾಗೆಯೇ ಉಳಿದರು. ಒಂದೇ ಶಿಕ್ಷಕರ ಕೋಣೆಯಲ್ಲಿ 7+1, 8+3, 11+2 ಓದಿದವರು ಒಟ್ಟಿಗೆ ಕೂತರು, ಮತ್ತು ಹಿರಿತನದಿಂದ ಮುಖ್ಯೋಪಾಧ್ಯಾಯರ ಕುರ್ಚಿ ಬಹಳ ಕಡೆ ಕಡಿಮೆ ಓದಿದವರದಾಯಿತು.

1993ರ ಸಂವಿಧಾನ ಎಲ್ಲರಿಗೂ ಕನಿಷ್ಠ ಒಂಬತ್ತು ವರ್ಷದ ಶಿಕ್ಷಣ, ಸರಕಾರಿ ಶಾಲೆಯಲ್ಲಿ ಉಚಿತ ಎಂದಿತು. ಅದೇ ದಶಕದಲ್ಲಿ ಮೇಷ್ಟ್ರ ಸಂಬಳ ತಿಂಗಳಿಗೆ ಸುಮಾರು 20 ಡಾಲರ್. ಅದೂ ತಡವಾಗಿ, ನಗದಾಗಿ, ಪ್ರಾಂತ್ಯ ಕಚೇರಿ, ಜಿಲ್ಲಾ ಕಚೇರಿ, ಶಾಲೆ ಹೀಗೆ ಕೈಯಿಂದ ಕೈಗೆ ಬರುತ್ತ. ದಾರಿಯಲ್ಲಿ ಒಂದಿಷ್ಟು ಸೋರುತ್ತ.

ಈ ಎರಡರ ನಡುವಿನ ಅಂತರವನ್ನು ಮೇಷ್ಟ್ರುಗಳು ಟ್ಯೂಷನ್ನಿನಿಂದ ತುಂಬಿದರು. ಅಲ್ಲಿ ಅದಕ್ಕೆ ‘ರಿಯೆನ್ ಕುವ’ ಎನ್ನುತ್ತಾರೆ. ನಮ್ಮ ಟ್ಯೂಷನ್ನಿಗಿಂತ ಇದು ಒಂದು ಕೈ ಮುಂದೆ: ಅದೇ ಮೇಷ್ಟ್ರು, ಅದೇ ಮಕ್ಕಳು, ಎಷ್ಟೋ ಸಲ ಅದೇ ಕೋಣೆ, ಗಂಟೆ ಹೊಡೆದ ಮೇಲೆ ಹಣ ಕೊಟ್ಟವರು ಕೂರುತ್ತಾರೆ, ಕೊಡದವರು ಮನೆಗೆ ಹೋಗುತ್ತಾರೆ. ಲೆಕ್ಕ ಎಷ್ಟು ಬಿಗಿಯಾಗಿದೆ ನೋಡಿ. ಉದಾಹರಣೆಗೆ 45 ಮಕ್ಕಳ ತರಗತಿಯಲ್ಲಿ 30 ಮಕ್ಕಳು ದಿನಕ್ಕೆ 200 ರಿಯೆಲ್ ಕೊಟ್ಟರೆ ದಿನಕ್ಕೆ 6,000. ತಿಂಗಳಿಗೆ 24 ದಿನವೆಂದರೆ 1,44,000 ರಿಯೆಲ್. ಡಾಲರಿಗೆ 4,000 ರಿಯೆಲ್ ಹಿಡಿದರೆ 36 ಡಾಲರ್. ಸರಕಾರಿ ಸಂಬಳದ ಒಂದೂಮುಕ್ಕಾಲು ಪಾಲಿಗಿಂತ ಹೆಚ್ಚು. ಹೀಗಾದಾಗ ಸರಕಾರಿ ಪಾಠದಲ್ಲಿ ಭಾಗಾಕಾರವನ್ನು ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಸಂಜೆಗೆ ಇಟ್ಟುಕೊಳ್ಳುವ ಆಸೆಗೆ ಕೆಟ್ಟ ಮನುಷ್ಯನೇ ಆಗಬೇಕೆಂದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಪ್ರಾಥಮಿಕ ಶಿಕ್ಷಣದ ಖರ್ಚನ್ನು ಯಾರು ಹೊರುತ್ತಿದ್ದಾರೆ ಎಂದು ಅಳೆದಾಗ ಸರಕಾರದ ಪಾಲು ಎಂಟರಲ್ಲಿ ಒಂದು ಭಾಗದ ಆಸುಪಾಸು ಬಂತು. ಅರ್ಧಕ್ಕಿಂತ ಹೆಚ್ಚು ಹೊತ್ತಿದ್ದವರು ತಂದೆತಾಯಿಗಳು ಮತ್ತು ಊರಿನವರು. ಉಳಿದದ್ದರಲ್ಲಿ ವಿದೇಶಿ ನೆರವಿನ ಜೊತೆಗೆ ರಾಜಕಾರಣಿಗಳ ಕೊಡುಗೆಯೂ ಗಣನೀಯವಾಗಿತ್ತು. ಆ ಕೊಡುಗೆ ಬರುವುದು ಕಟ್ಟಡದ ರೂಪದಲ್ಲಿ. ಕಟ್ಟಡಕ್ಕೆ ಹೆಸರು ಹಾಕಬಹುದು, ಮೇಷ್ಟ್ರ ಸಂಬಳಕ್ಕೆ ಹಾಕಲಾಗುವುದಿಲ್ಲ.

ಏನೇನು ಪ್ರಯತ್ನಿಸಿದರು

ಶುಲ್ಕ ತೆಗೆದದ್ದು. 2000ದಲ್ಲಿ ಹತ್ತು ಪ್ರಾಂತ್ಯಗಳಲ್ಲಿ, ಮರುವರ್ಷ ಇಡೀ ದೇಶದಲ್ಲಿ ಆದ್ಯತಾ ಕಾರ್ಯಕ್ರಮವೊಂದು ಬಂತು. ಒಂದರಿಂದ ಒಂಬತ್ತನೆಯ ತರಗತಿಯವರೆಗೆ ವರ್ಷಾರಂಭದ ಶುಲ್ಕ ರದ್ದು. ಬದಲಿಗೆ ಶಾಲೆಯ ಖರ್ಚಿಗೆ ಮಕ್ಕಳ ತಲೆಲೆಕ್ಕದಲ್ಲಿ ಸರಕಾರದ ಹಣ. ಮಕ್ಕಳು ಲಕ್ಷಗಟ್ಟಲೆ ಹೆಚ್ಚು ಬಂದರು, ಬಡ ಮನೆಯವರೇ ಹೆಚ್ಚು. ಹಣ ಮಾತ್ರ ತಡವಾಗಿ, ಬಜೆಟ್ ವರ್ಷದ ಕೊನೆಗೆ ಬರತೊಡಗಿತು. ಸುಣ್ಣದಕಡ್ಡಿಯನ್ನು ಸಾಲ ತಂದ ಮುಖ್ಯೋಪಾಧ್ಯಾಯರು ಮತ್ತೆ ಪೋಷಕರ ಕಡೆ ನೋಡಿದರು. ಇನ್ನೊಂದು ವಿಷಯ: ತೆಗೆದದ್ದು ಬಾಗಿಲಿನ ಶುಲ್ಕ, ಸಂಜೆಯ ಟ್ಯೂಷನ್ ಹಾಗೆಯೇ ಇತ್ತು. ದಾಖಲಾತಿ ಏರಿತು, ಆರನೆಯ ತರಗತಿ ಮುಗಿಸುವವರ ಸಂಖ್ಯೆ ಅದೇ ವೇಗದಲ್ಲಿ ಏರಲಿಲ್ಲ.

ವಿದ್ಯಾರ್ಥಿವೇತನ ಕೊಟ್ಟದ್ದು. ಆರರಿಂದ ಏಳಕ್ಕೆ ಹೋಗುವಾಗ ಹೆಣ್ಣುಮಕ್ಕಳು ಶಾಲೆ ಬಿಡುತ್ತಿದ್ದರು. ಬಡ ಮನೆಯ ಹುಡುಗಿಗೆ ವರ್ಷಕ್ಕೆ 45 ಡಾಲರ್, ಷರತ್ತು ಎರಡೇ: ಶಾಲೆಗೆ ತಪ್ಪದೆ ಬರಬೇಕು, ಪಾಸಾಗಬೇಕು. ಫಲ ಎದ್ದು ಕಂಡಿತು. ದಾಖಲಾತಿ ಮತ್ತು ಹಾಜರಿ ನೂರಕ್ಕೆ ಮೂವತ್ತರಷ್ಟು ಅಂಶ ಏರಿತು; ಇಂಥ ಯೋಜನೆಗಳಲ್ಲಿ ಇಷ್ಟು ಏರುವುದು ಅಪರೂಪ. ಆಮೇಲೆ ಅದೇ ಬಗೆಯ ಯೋಜನೆಯ ಮಕ್ಕಳಿಗೆ ಗಣಿತ ಮತ್ತು ಶಬ್ದಸಂಪತ್ತಿನ ಪರೀಕ್ಷೆ ಇಟ್ಟು, ವೇತನ ಸಿಗದ ಅಂಥದ್ದೇ ಮಕ್ಕಳ ಜೊತೆ ಹೋಲಿಸಿದರು. ಹೆಚ್ಚಿನ ಶಾಲಾ ವರ್ಷಗಳಿಗೆ ತಕ್ಕ ವ್ಯತ್ಯಾಸ ಅಂಕಗಳಲ್ಲಿ ಕಾಣಲಿಲ್ಲ. ಹುಡುಗಿಯರನ್ನು ತರಗತಿಯ ತನಕ ತರುವುದು 45 ಡಾಲರಿನಿಂದ ಆಯಿತು, ತರಗತಿಯೊಳಗೆ ಆಗಬೇಕಾದದ್ದು ಆಗಲಿಲ್ಲ. ಇಡೀ ಪ್ರಕರಣದಲ್ಲಿ ಮತ್ತೆ ಮತ್ತೆ ಓದಬೇಕಾದ ಫಲಿತಾಂಶ ಇದು.

ಕ್ಲಸ್ಟರ್ ಮಾಡಿದದ್ದು. ತೊಂಬತ್ತರ ದಶಕದಲ್ಲಿ ಒಂದು ಮುಖ್ಯ ಶಾಲೆಯ ಸುತ್ತ ಕೆಲವು ಉಪಶಾಲೆಗಳನ್ನು ಸೇರಿಸಿ, ತಿಂಗಳಿಗೊಮ್ಮೆ ಗುರುವಾರ ಶಿಕ್ಷಕರ ಸಭೆ ಇಟ್ಟರು. ನಮ್ಮ ಕ್ಲಸ್ಟರ್ ಸಭೆಗಳ ಹಾಗೆಯೇ. ಕಾಗದದ ಮೇಲೆ ಇದು ಪಾಠ ಚರ್ಚಿಸುವ ದಿನ. ಸಭೆಯ ಪ್ರಯಾಣದ ಖರ್ಚು ಹೊರಗಿನ ಯೋಜನೆಯಿಂದ ಬರುವ ತನಕ ಪಾಠ ಚರ್ಚೆಯಾಯಿತು. ಯೋಜನೆ ಮುಗಿದ ಕಡೆ ಅದು ಸುತ್ತೋಲೆ ಓದುವ ದಿನವಾಯಿತು.

ಓದಲು ಕಲಿಸುವ ವಿಧಾನ ಬದಲಿಸಿದದ್ದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕನ್ನಡದವರಿಗೆ ಬೇರೆ ಯಾರಿಗಿಂತಲೂ ಬೇಗ ಅರ್ಥವಾಗುತ್ತದೆ.

ಖ್ಮೇರ್ ಲಿಪಿ ಹುಟ್ಟಿದ್ದು ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ. ಅಕ್ಷರಮಾಲೆಯ ಸಾಲು ನಮ್ಮದೇ: ಕ ವರ್ಗ, ಚ ವರ್ಗ ಎಂದೇ ಹೋಗುತ್ತದೆ. ಅಕ್ಷರ ಎಂಬ ಪದವೂ ಅಲ್ಲಿದೆ, ಉಚ್ಚಾರ ಸ್ವಲ್ಪ ಸವೆದಿದೆ. ಒತ್ತಕ್ಷರವೂ ಇದೆ, ಅದನ್ನು ಅವರು ಅಕ್ಷರದ ಕಾಲು ಎನ್ನುತ್ತಾರೆ. ತೊಡಕು ಇರುವುದು ಇಲ್ಲಿ. ಕಾಲ ಕಳೆದಂತೆ ಗ, ಘ ಮುಂತಾದ ಘೋಷಾಕ್ಷರಗಳು ಕ, ಖ ಎಂದೇ ಕೇಳಿಸತೊಡಗಿದವು, ಆದರೆ ಅವುಗಳ ನಂತರ ಬರುವ ಸ್ವರ ಬದಲಾಯಿತು. ಹಾಗಾಗಿ ಅಲ್ಲಿನ ವ್ಯಂಜನಗಳು ಎರಡು ಗುಂಪು. ಒಂದೇ ದೀರ್ಘದ ಚಿಹ್ನೆ ಮೊದಲ ಗುಂಪಿನ ಕ ಅಕ್ಷರಕ್ಕೆ ಸೇರಿದರೆ ‘ಕಾ’. ಗ ಇದ್ದ ಜಾಗದ ಅಕ್ಷರಕ್ಕೆ ಸೇರಿದರೆ ಹೆಚ್ಚುಕಡಿಮೆ ‘ಕಿಯ’. ಅಂದರೆ ಎರಡು ಕಾಗುಣಿತ ಕಲಿಯಬೇಕು. ಇದರ ಮೇಲೆ ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲ. ಪದ ಎಲ್ಲಿ ಮುಗಿಯಿತು ಎಂದು ಓದುವವರೇ ಕಂಡುಕೊಳ್ಳಬೇಕು.

ಇಂಥ ಲಿಪಿಗೆ ತೊಂಬತ್ತರ ದಶಕದ ನಂತರದ ಪುಸ್ತಕಗಳಲ್ಲಿ ಇಡೀ ಪದವನ್ನು ಚಿತ್ರದ ಜೊತೆ ಗುರುತಿಸುವ ವಿಧಾನ ಬಂತು. ಒಳ್ಳೆಯ ತರಬೇತಿಯ ಶಿಕ್ಷಕಿ ಪದದಿಂದ ಅಕ್ಷರಕ್ಕೆ ಇಳಿಸಬಲ್ಲಳು. ಕೆಲವೇ ವಾರಗಳ ತರಬೇತಿಯ ಮೇಷ್ಟ್ರ ಕೈಯಲ್ಲಿ ಅದು ಒಟ್ಟಾಗಿ ಕೂಗಿ ಹೇಳುವ ಪಾಠವಾಯಿತು. ಮಕ್ಕಳು ಚಿತ್ರ ನೋಡಿ ಸಾಲು ಹೇಳಿದರು, ಚಿತ್ರ ಮುಚ್ಚಿದರೆ ಬಾಯಿ ಕಟ್ಟಿತು. 2010ರಲ್ಲಿ ಒಂದರಿಂದ ಆರನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿ ಓದಿಸಿ ನೋಡಿದಾಗ ಮೂವರಲ್ಲಿ ಒಬ್ಬರಿಗೆ ಓದಲು ಬರಲಿಲ್ಲ. ಓದಿದವರಲ್ಲೂ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ಓದಿದ್ದರ ಅರ್ಥವಾಗಿರಲಿಲ್ಲ. ಆಮೇಲೆ ಒಂದನೆಯ ತರಗತಿಯ ಪುಸ್ತಕವನ್ನು ಅಕ್ಷರ, ಸ್ವರಚಿಹ್ನೆ, ಕಾಗುಣಿತ, ಪದ ಎಂಬ ಕ್ರಮಕ್ಕೆ ಮರಳಿಸಿದರು.

ಇಲ್ಲಿ ಗಮನಿಸಬೇಕಾದದ್ದು ಅಳೆದ ಬಗೆ. ಮೂವತ್ತು ವರ್ಷ ಸರಕಾರ ಎಣಿಸಿದ್ದು ದಾಖಲಾತಿ, ಕೋಣೆ, ಮೇಷ್ಟ್ರು, ತೇರ್ಗಡೆ. ಮಗುವಿನ ಮುಂದೆ ಒಂದು ಹಾಳೆ ಇಟ್ಟು ‘ಓದು ಮಗಾ’ ಎಂದು ಒಂದು ನಿಮಿಷ ಕೇಳಿಸಿಕೊಳ್ಳುವ ಕೆಲಸ ದೇಶದ ಮಟ್ಟದಲ್ಲಿ ಆದದ್ದು ಆಗ. ದುಬಾರಿ ಕೆಲಸವೇನಲ್ಲ. 1985ರಲ್ಲೂ ಮಾಡಬಹುದಿತ್ತು.

ಇತಿಹಾಸದ ಪಾಠವನ್ನು ಬೇಗ ಹೇಳಿ ಮುಗಿಸುತ್ತೇವೆ, ಏಕೆಂದರೆ ಅಲ್ಲಿ ಶಿಕ್ಷಣಕ್ಕಿಂತ ರಾಜಕೀಯವೇ ಹೆಚ್ಚು. ಎಂಬತ್ತರ ಪುಸ್ತಕಗಳು ಪೋಲ್ ಪಾಟ್ ಮೇಲಿನ ದ್ವೇಷವನ್ನು ಚಿಕ್ಕ ಮಕ್ಕಳಿಗೂ ಕಲಿಸಿದವು. ತೊಂಬತ್ತರಲ್ಲಿ ರಾಜಿಯ ಹೆಸರಿನಲ್ಲಿ ಆ ಕಾಲವೇ ಪುಸ್ತಕದಿಂದ ಬಹುಮಟ್ಟಿಗೆ ಮಾಯವಾಯಿತು. 2002ರಲ್ಲಿ ಹನ್ನೆರಡನೆಯ ತರಗತಿಯ ಹೊಸ ಪುಸ್ತಕ 1993ರ ಚುನಾವಣೆಯ ಫಲಿತಾಂಶವನ್ನು ಬಿಟ್ಟಿದೆ ಎಂಬ ಜಗಳದಲ್ಲಿ ವಾಪಸಾಯಿತು. 2007ರಲ್ಲಿ ಕಾಂಬೋಡಿಯಾದ ದಾಖಲೆ ಕೇಂದ್ರ ಪ್ರತ್ಯೇಕ ಪುಸ್ತಕ ತಂದು, ಮುಂದೆ ಶಿಕ್ಷಕರಿಗೆ ಅದನ್ನು ಕಲಿಸುವ ತರಬೇತಿಯೂ ನಡೆಯಿತು. ನಡುವಿನ ವರ್ಷಗಳಲ್ಲಿ ಬೆಳೆದ ಮಕ್ಕಳಲ್ಲಿ ಎಷ್ಟೋ ಮಂದಿ ಅಜ್ಜಿ ಹೇಳಿದ್ದನ್ನು ಕಥೆ ಎಂದುಕೊಂಡರು.

2014: ಪರೀಕ್ಷೆಯ ತಿರುವು

ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು ಗುಟ್ಟಾಗಿ ಉಳಿದಿರಲಿಲ್ಲ. ಕೇಂದ್ರದ ಹೊರಗೆ ಜೆರಾಕ್ಸ್ ಅಂಗಡಿಗಳಲ್ಲಿ ಸಣ್ಣಕ್ಷರದ ಉತ್ತರದ ಚೀಟಿ ಸಿಗುತ್ತಿತ್ತು. ಕೋಣೆಯೊಳಗೆ ವಿಷಯಕ್ಕೆ ಇಷ್ಟು ಎಂದು ಹಣ ಒಟ್ಟು ಮಾಡಿ ಮೇಲ್ವಿಚಾರಕರಿಗೆ ಕೊಡುತ್ತಿದ್ದರು. ಫೋನಿನಲ್ಲಿ ಉತ್ತರ ಬರುತ್ತಿತ್ತು. 2013ರಲ್ಲಿ ನೂರಕ್ಕೆ 87 ಮಂದಿ ಪಾಸು.

ಮರುವರ್ಷ ಸಚಿವಾಲಯ ಭ್ರಷ್ಟಾಚಾರ ನಿಗ್ರಹ ಘಟಕವನ್ನೇ ಪರೀಕ್ಷೆಗೆ ಕರೆಯಿತು. ಹಿಂದಿನ ಪ್ರಯತ್ನಗಳಿಗೂ ಇದಕ್ಕೂ ಇದ್ದ ವ್ಯತ್ಯಾಸ ಇದೇ: ಶಿಕ್ಷಕರನ್ನು ಶಿಕ್ಷಕರೇ ಕಾಯುವುದನ್ನು ನಿಲ್ಲಿಸಿ, ಸಂಬಳ, ಬಡ್ತಿ, ನೆಂಟಸ್ತಿಕೆ ಯಾವುದರಲ್ಲೂ ಸಂಬಂಧವಿಲ್ಲದ ಸಾವಿರಾರು ಸ್ವಯಂಸೇವಕರನ್ನು ಕೇಂದ್ರಗಳಿಗೆ ಹಾಕಿದರು. ಬಾಗಿಲಲ್ಲಿ ತಪಾಸಣೆ, ಫೋನ್ ನಿಷೇಧ, ಗೋಡೆಯಾಚೆ ಗುಂಪು ಸೇರದಂತೆ ಪೊಲೀಸರು. ಮುಂಚಿತವಾಗಿ ತಿಂಗಳುಗಟ್ಟಲೆ ‘ಈ ಸಲ ಆಗುವುದಿಲ್ಲ’ ಎಂದು ಸಾರಿದ್ದರು. ನಂಬಿದವರು ಕಡಿಮೆ.

ಸುಮಾರು 90,000 ಮಂದಿ ಬರೆದರು. ಪಾಸಾದವರು ನೂರಕ್ಕೆ 26ಕ್ಕೂ ಕಡಿಮೆ. ಇಡೀ ದೇಶಕ್ಕೆ ‘ಎ’ ಶ್ರೇಣಿ 11 ಮಂದಿಗೆ.

ಈ ಹಂತದಲ್ಲಿ ಹಿಂದಕ್ಕೆ ಸರಿಯುವ ಒತ್ತಡ ಎಷ್ಟಿದ್ದೀತು ಎಂದು ಊಹಿಸಬಹುದು. ಸರಕಾರ ಎರಡು ಕೆಲಸ ಮಾಡಿತು. ಆ ವರ್ಷಕ್ಕೆ ಮಾತ್ರ ಎಂದು ಎರಡನೆಯ ಅವಕಾಶ ಕೊಟ್ಟು ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ನಡೆಸಿತು, ಅಷ್ಟೇ ಬಿಗಿಯಾಗಿ. ಎರಡೂ ಸೇರಿ ಪಾಸಾದವರು ನೂರಕ್ಕೆ 40ರ ಹತ್ತಿರ. ಎರಡನೆಯದಾಗಿ, ನಪಾಸಾದವರಿಗೆ ಎರಡು ವರ್ಷದ ಕೋರ್ಸುಗಳ ಬಾಗಿಲು ತೆರೆದಿಟ್ಟಿತು. ಸಿಟ್ಟಿಗೆ ಹರಿದುಹೋಗಲು ಒಂದು ಕಾಲುವೆ ಬೇಕಿತ್ತು, ಅದು ಸಿಕ್ಕಿತು. 2015ರಲ್ಲಿ ಪಾಸಾದವರು ನೂರಕ್ಕೆ 56, ಆಮೇಲಿನ ವರ್ಷಗಳಲ್ಲಿ 60 ದಾಟಿತು. ನಿಯಮ ಸಡಿಲವಾಗಿರಲಿಲ್ಲ, ಮಕ್ಕಳು ಓದತೊಡಗಿದ್ದರು.

ಈ ಯಶಸ್ಸನ್ನು ಬೇರೆಡೆ ನಕಲು ಮಾಡುವವರು ಒಂದು ಅಂಶ ಮರೆಯುತ್ತಾರೆ. ಅದೇ ವರ್ಷಗಳಲ್ಲಿ ಸಂಬಳ ಏರಿತು, ಬ್ಯಾಂಕ್ ಖಾತೆಗೆ ನೇರವಾಗಿ ಬರತೊಡಗಿತು. 2018ರ ಹೊತ್ತಿಗೆ ಸರಕಾರಿ ನೌಕರರ ಕನಿಷ್ಠ ಸಂಬಳವನ್ನು ತಿಂಗಳಿಗೆ 10 ಲಕ್ಷ ರಿಯೆಲ್, ಅಂದರೆ ಸುಮಾರು 250 ಡಾಲರಿಗೆ ಮುಟ್ಟಿಸುವುದು ಗುರಿಯಾಗಿತ್ತು. ಕೈಯಲ್ಲಿ 20 ಡಾಲರ್ ಇಟ್ಟು ‘ಲಂಚ ಮುಟ್ಟಬೇಡಿ’ ಎಂದಿದ್ದರೆ 2014 ಒಂದು ವರ್ಷದ ಸುದ್ದಿಯಾಗಿ ಮುಗಿಯುತ್ತಿತ್ತು. 2015ರಿಂದ ಶುರುವಾದ ‘ಹೊಸ ತಲೆಮಾರಿನ ಶಾಲೆ’ ಎಂಬ ಸುಧಾರಿತ ಸರಕಾರಿ ಶಾಲೆಗಳಲ್ಲೂ ಎರಡನ್ನೂ ಒಂದೇ ಕಾಗದದಲ್ಲಿ ಕಟ್ಟಿದ್ದಾರೆ: ಸಂಬಳದ ಮೇಲೆ ಹೆಚ್ಚುವರಿ ಹಣ, ತನ್ನ ಮಕ್ಕಳಿಗೆ ಟ್ಯೂಷನ್ ಹೇಳುವುದಕ್ಕೆ ಪೂರ್ಣ ನಿಷೇಧ.

ಪರೀಕ್ಷೆಯ ಮೂಲಕ ಸರಿಯಾಗುವುದಕ್ಕೂ ಮಿತಿಯಿದೆ. 2017ರ ಅಂತರರಾಷ್ಟ್ರೀಯ ಮೌಲ್ಯಮಾಪನದಲ್ಲಿ ಭಾಗವಹಿಸಿದ 15 ವರ್ಷದ ಕಾಂಬೋಡಿಯಾ ಮಕ್ಕಳಲ್ಲಿ ಓದಿನ ಕನಿಷ್ಠ ಮಟ್ಟ ಮುಟ್ಟಿದವರು ನೂರಕ್ಕೆ 8ರಷ್ಟು. ಹನ್ನೆರಡನೆಯ ತರಗತಿಯ ಬಾಗಿಲನ್ನು ಬಿಗಿ ಮಾಡಿದರೆ ಒಂದನೆಯ ತರಗತಿಯ ಕಾಗುಣಿತ ತಾನಾಗಿ ಗಟ್ಟಿಯಾಗುವುದಿಲ್ಲ.

ಇಂಥ ಕೆಲಸಕ್ಕೆ ಕೈ ಹಾಕುವವರು ಗಮನಿಸಬೇಕಾದದ್ದು

ತುರ್ತಿನಲ್ಲಿ ತೆಗೆದುಕೊಂಡ ಪ್ರತಿ ಮೇಷ್ಟ್ರಿಗೂ ಮೊದಲ ದಿನವೇ ಒಂದು ಹಾಳೆ ತೆರೆಯಬೇಕು: ಎಷ್ಟನೆಯ ತರಗತಿ ಓದಿದ್ದು, ಎಷ್ಟು ದಿನ ತರಬೇತಿ, ಯಾವ ವಿಷಯ, ಮುಂದಿನ ತರಬೇತಿಯ ತಿಂಗಳು. ಈ ಹಾಳೆಯ ಎರಡು ಪ್ರತಿ ಬೇರೆ ಬೇರೆ ಊರಲ್ಲಿರಬೇಕು. ತರಬೇತಿಯನ್ನು ರಜೆಯ ಎರಡು ತಿಂಗಳಿಗೆ ತುಂಡು ಮಾಡಿ ಕೊಟ್ಟರೆ ನಾಲ್ಕೈದು ವರ್ಷದಲ್ಲಿ ಕೆಲಸದಲ್ಲಿದ್ದವರೇ ಒಂದು ವರ್ಷದ ತರಬೇತಿ ಮುಗಿಸುತ್ತಾರೆ. ತರಗತಿ ಖಾಲಿ ಬೀಳುವುದಿಲ್ಲ.

ಸಂಬಳವನ್ನು ಅಕ್ಕಿಯಲ್ಲಿ ಕೊಡುವುದು ನಾಚಿಕೆಯ ವಿಷಯವೆಂದು ಬೇಗ ನೋಟಿಗೆ ಹೋಗಬೇಡಿ. ಬೆಲೆ ನಿಲ್ಲದ ನಾಣ್ಯಕ್ಕಿಂತ ತೂಕದ ಅಕ್ಕಿ ಮೇಲು. ನೋಟಿಗೆ ಬರುವಾಗ ಮನೆ ನಡೆಯುವಷ್ಟು ಮೊತ್ತವೇ ಎಂದು ನೋಡಬೇಕು. ಅಷ್ಟು ಕೊಡಲಾಗದಿದ್ದರೆ ಊರಿನವರು ಎಷ್ಟು ಸೇರಿಸಬೇಕು ಎಂಬುದನ್ನು ಬಹಿರಂಗವಾಗಿ ಬರೆದು, ಬಡವರಿಗೆ ವಿನಾಯಿತಿ ಇಟ್ಟು, ಶಾಲೆಯ ಲೆಕ್ಕದಲ್ಲೇ ತರಬೇಕು. ಮುಚ್ಚಿಟ್ಟ ಶುಲ್ಕ ಮೇಷ್ಟ್ರ ಜೇಬಿಗೆ ನೇರವಾಗಿ ಹೋಗುತ್ತದೆ, ಮತ್ತು ಒಮ್ಮೆ ಹೋಗತೊಡಗಿದರೆ ಪಾಠದ ವೇಗವನ್ನೇ ಬದಲಿಸುತ್ತದೆ.

ಪ್ರಾಥಮಿಕದ ವರ್ಷಗಳನ್ನು ಕಡಿಮೆ ಇಟ್ಟು ಶುರುಮಾಡುವುದಾದರೆ, ಕಟ್ಟಡದ ತಳಹದಿಯನ್ನು ಮುಂದೆ ಬರುವ ತರಗತಿಗಳ ಲೆಕ್ಕಕ್ಕೆ ಹಾಕಿ. ಓದಿನ ಒಂದು ನಿಮಿಷದ ಅಳತೆಯನ್ನು ಎರಡನೆಯ ವರ್ಷದಿಂದಲೇ, ಪ್ರಾಂತ್ಯಕ್ಕೆ ಹತ್ತು ಶಾಲೆಯಾದರೂ ಸರಿ, ತೆಗೆದುಕೊಳ್ಳಿ. ಹೊಸ ಓದುವಿಧಾನ ತರುವ ಸಲಹೆಗಾರರಿಗೆ ಮೊದಲು ಆ ದೇಶದ ಕಾಗುಣಿತ ಬರೆಯಿಸಿ ನೋಡಿ.

ಈಗಿನ ಸ್ಥಿತಿ

2018ರಿಂದ ನೋಮ್ ಪೆನ್ ಮತ್ತು ಬಟ್ಟಂಬಾಂಗ್‌ನ ಶಿಕ್ಷಕರ ಕಾಲೇಜುಗಳಲ್ಲಿ 12+4 ನಡೆಯುತ್ತಿದೆ: ಹನ್ನೆರಡನೆಯ ತರಗತಿ ಪಾಸಾಗಿ ನಾಲ್ಕು ವರ್ಷದ ಪದವಿ. ಬಿಗಿ ಪರೀಕ್ಷೆ ಬರೆದು ಬಂದವರೇ ಇಲ್ಲಿಗೆ ಸೇರುವುದು. ಮೊದಲ ತಂಡದ ನಾಲ್ಕು ವರ್ಷ 2022ಕ್ಕೆ ತುಂಬಿತು. ಉಳಿದ ಪ್ರಾಂತ್ಯಗಳ ತರಬೇತಿ ಕೇಂದ್ರಗಳನ್ನು ಆ ಮಟ್ಟಕ್ಕೆ ತರುವ ಕೆಲಸ ಆಗ ಇನ್ನೂ ಬಾಕಿ ಇತ್ತು.

1979ರಲ್ಲಿ ಇಪ್ಪತ್ತು ವರ್ಷದವರಾಗಿ, ಮೂರು ತಿಂಗಳ ತರಬೇತಿ ಪಡೆದು ತಾಳೆಗರಿಯ ಮಾಡಿನ ಕೆಳಗೆ ನಿಂತವರಿಗೆ 2014ರಲ್ಲಿ ಐವತ್ತೈದು, 2019ರಲ್ಲಿ ಅರವತ್ತು. ಅಲ್ಲಿ ಸರಕಾರಿ ನೌಕರರು ನಿವೃತ್ತರಾಗುವುದೂ ಹೆಚ್ಚುಕಡಿಮೆ ಈ ಎರಡು ವಯಸ್ಸುಗಳ ನಡುವೆಯೇ.